ಪದವಿನ ಮೇಲೆ ಬೇಸಿಗೆ ಶಿಬಿರ: ಬದಿಯಡ್ಕದಿಂದ ರಾಣಿಪುರಂ, ಬೇಳದವರೆಗೆ

ಗುರುವಾರ

ಮೇ ತಿಂಗಳಲ್ಲಿ ಕಾಸರಗೋಡಿನ ಕಡೆ ಶಿಬಿರ ಅಂದಾಗ ಎಷ್ಟೋ ಜನ ಕೇಳಿದ್ರು, ಈ ಸೆಕೆಗೆ ಮಕ್ಕಳನ್ನ ಕರ್ಕೊಂಡು ಹೋಗೋದಾ ಅಂತ. ಸೆಕೆ ಇರೋದು ಹೌದು. ಆದ್ರೆ ಗೇರು, ಹಲಸು, ಕಾಟುಮಾವು, ಪುನರ್ಪುಳಿ ಎಲ್ಲ ಒಟ್ಟಿಗೆ ಸಿಗುವ ಸಮಯ ಇದೊಂದೇ, ಶಾಲೆಗೆ ರಜೆ ಇರುವುದೂ ಈಗಲೇ. ಜೀಪು, ಉಳ್ಕೊಳ್ಳುವ ಮನೆ, ಅಪ್ಪ ಅಮ್ಮಂದಿರ ಒಪ್ಪಿಗೆ ಪತ್ರ ಎಲ್ಲ ಫಾದರ್ ಮೊದಲೇ ಮುಗಿಸಿದ್ರು. ನಾನು ಕ್ರಿಸ್ತೋಪದೇಶದ ಟೀಚರ್ ಆದ ಕಾರಣ ಹೆಣ್ಣುಮಕ್ಕಳ ಜೊತೆ ಇರುವ ಕೆಲಸ ನಂದು.

ಮಂಜೇಶ್ವರದಲ್ಲಿ ಎಲ್ಲರೂ ಸೇರಿದ ಮೇಲೆ ಮೊದಲು ಹೋದದ್ದು ಗಿಳಿವಿಂಡಿಗೆ, ಗೋವಿಂದ ಪೈಗಳ ಮನೆಗೆ. ಶಿಬಿರ ಇಲ್ಲಿಂದಲೇ ಶುರು ಆಗ್ಬೇಕು ಅಂತ ಫಾದರ್ ಹಟ ಹಿಡಿದಿದ್ರು. ಯೇಸುಸ್ವಾಮಿಯ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ 'ಗೊಲ್ಗೊಥಾ' ಅಂತ ಕಾವ್ಯ ಬರೆದದ್ದು ಇದೇ ಊರಿನ ಕವಿ, ಅವರು ಕ್ರೈಸ್ತರಲ್ಲ, ಇದು ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಆಟಕ್ಕೆ ತುಳು ಅಂತ ಬೆಳೆಯುವ ಮಕ್ಕಳು ಇವರು. ನಮ್ಮ ಸ್ವಾಮಿಯ ಕಥೆಯನ್ನ ಪಕ್ಕದ ಮನೆಯವರೊಬ್ಬರು ಇಷ್ಟು ಪ್ರೀತಿಯಿಂದ ಬರೆದಿದ್ದಾರೆ ಅಂತ ತಿಳಿದಾಗ ದೊಡ್ಡ ಮಕ್ಕಳ ಮುಖ ಅರಳಿದ್ದು ನಾನೇ ನೋಡಿದೆ.

ಅಲ್ಲಿಂದ ಕುಂಬ್ಳೆ, ಸೀತಾಂಗೋಳಿ, ನೀರ್ಚಾಲು. ಬದಿಯಡ್ಕ ದಾಟಿ ಪೆರ್ಲದ ದಿಕ್ಕಿಗೆ ಹೋದ್ರೆ ರಸ್ತೆ ಒಂದು ಕಡೆ ಅಡಿಕೆ ತೋಟಕ್ಕೆ ಇಳೀತದೆ, ಇನ್ನೊಂದು ಕಡೆ ಪದವಿಗೆ ಹತ್ತುತ್ತದೆ. ನಾವಿದ್ದದ್ದು ಒಳದಾರಿಯಲ್ಲಿ, ಪದವಿನ ಅಂಚಲ್ಲಿ ಒಬ್ಬರು ಬಿಟ್ಟುಕೊಟ್ಟ ಹಳೇ ಹಂಚಿನ ಮನೆಯಲ್ಲಿ. ಪದವು ನೋಡದವರಿಗೆ ಹೇಳೋದಾದ್ರೆ, ಮೈಲಿಗಟ್ಟಲೆ ಕೆಂಪುಕಲ್ಲಿನ ಬಯಲು, ಮೇಲ್ಮೈ ಮಳೆಗೆ ಬಿಸಿಲಿಗೆ ಕಪ್ಪಾಗಿರ್ತದೆ, ಮೇ ತಿಂಗಳಲ್ಲಿ ಒಣಹುಲ್ಲು ಬಿಟ್ರೆ ಎಂತದೂ ಕಾಣೋದಿಲ್ಲ. ಇಳಿದ ಹತ್ತು ನಿಮಿಷಕ್ಕೆ ಒಬ್ಬ ಹುಡುಗನ ಹವಾಯಿ ಚಪ್ಪಲಿ ಬಾರು ಕಿತ್ತು ಹೋಯ್ತು, ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲಲಿಕ್ಕೆ ಆಗದೆ ಅವ ಕುಣಿದೇ ಕುಣಿದ. ನೀವು ಹೋಗೋದಾದ್ರೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋಗಿ.

"ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಸಿಸ್ಟರ್?" ಅಂತ ಒಬ್ಬಳು ಕೇಳಿಯೇ ಬಿಟ್ಟಳು. ಸಿಸ್ಟರ್ ಬಯಾಲಜಿ ಪಾಠ ಮಾಡಿದವರು, ಅವರು ಕಲ್ಲಿನ ಮೇಲೆ ಕೂತು ಒಂದು ತಟ್ಟೆಯಷ್ಟು ಅಗಲದ ಹೊಂಡ ತೋರಿಸಿದ್ರು. ತಳದಲ್ಲಿ ಬೆರಳು ದಪ್ಪದ ಒಣ ಮಣ್ಣು, ಅಷ್ಟೇ. ಜೂನ್ ಮಳೆ ಬಿದ್ರೆ ಇದೇ ಮಣ್ಣಲ್ಲಿ ನೀಲಿ ಹೂ ಬಿಡುವ, ಕೀಟ ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ ಗಿಡ ಬರ್ತದೆ, ಈ ಕಲ್ಲಲ್ಲಿ ಗೊಬ್ಬರದ ಸತ್ವ ಇಲ್ಲ ಅದಕ್ಕೇ ಅದು ಕೀಟದಿಂದ ಸಾರ ತೆಗೀತದೆ, ಈಗ ಅದರ ಬೀಜ ಇದರೊಳಗೇ ಕಾಯ್ತಾ ಉಂಟು ಅಂದ್ರು. ಆಮೇಲೆ ಆ ಹೊಂಡಕ್ಕೆ ಯಾರೂ ಕಾಲು ಹಾಕಲಿಲ್ಲ.

ಶಿಬಿರದ ಒಂದೇ ನಿಯಮ ಆಗ ಹೇಳಿದ್ರು. ಪ್ರತಿಯೊಬ್ಬರೂ ಒಂದು ಜಾಗ ಆರಿಸ್ಕೊಳ್ಬೇಕು, ಮರದ ಬುಡವೋ ಪಾಗಾರದ ಮೂಲೆಯೋ ಯಾವುದಾದ್ರೂ, ದಿನಾ ಬೆಳಿಗ್ಗೆ ಅರ್ಧ ಗಂಟೆ ಅಲ್ಲೇ ಮಾತಿಲ್ಲದೆ ಕೂತ್ಕೊಳ್ಬೇಕು, ಮೊಬೈಲು ಇಲ್ಲ. ಅದೇ ಬೆಳಗಿನ ಪ್ರಾರ್ಥನೆ. ನಾನು ಮುಂಚೆ ಹೋದ ಶಿಬಿರಗಳಲ್ಲಿ ಮೈಕು, ಆಕ್ಷನ್ ಸಾಂಗು, ಪ್ರೊಜೆಕ್ಟರಲ್ಲಿ ಸೂರ್ಯೋದಯದ ಫೋಟೋ ಇದೇ ಜಾಸ್ತಿ. ಹೊರಗೆ ನಿಜವಾದ ಸೂರ್ಯ ಹುಟ್ಟುವಾಗ ನಾವು ಒಳಗೆ ಪರದೆ ಕಟ್ಟಿ ಸೃಷ್ಟಿಕರ್ತನ ಹಾಡು ಹೇಳ್ತಾ ಇರ್ತೇವೆ. ನಂಗೆ ಅದು ಯಾವತ್ತೂ ಸರಿ ಕಂಡಿಲ್ಲ.

ರಾತ್ರಿ ಚಾವಡಿಯಲ್ಲಿ ಜಪಸರ ಶುರು ಮಾಡಿದ್ದೇ, ಮೇ ತಿಂಗಳು ಮಾತೆಯ ತಿಂಗಳಲ್ವಾ, ಮೂರನೇ ರಹಸ್ಯಕ್ಕೆ, ಅಂದ್ರೆ ಜಪಸರದ ಮೂರನೇ ಭಾಗಕ್ಕೆ, ಬರುವಾಗ ಗುಡುಗು. ಮಕ್ಕಳು ಮೊದಮೊದಲು ಜೋರಾಗಿ ಹೇಳ್ತಿದ್ರು, ಆಮೇಲೆ ಸಿಡಿಲು ಎಲ್ಲೋ ಹತ್ತಿರವೇ ಬಿತ್ತು, ಕರೆಂಟು ಹೋಯ್ತು, ಗಾಳಿಗೆ ಇರಿಚಲು ಚಾವಡಿಯೊಳಗೆ ಬಂದು ಚಾಪೆ ಹೊದಿಕೆ ಎಲ್ಲ ಚಂಡಿ. ಅಡುಗೆ ಮಾಡ್ಲಿಕ್ಕೆ ಬಂದ ಬಾಯಮ್ಮ ಎಲ್ಲರನ್ನೂ ಅಡುಗೆ ಕೋಣೆಗೆ ಎಳ್ಕೊಂಡ್ರು. ಸಣ್ಣವರು ಇಬ್ಬರು ಅಳ್ತಾ ಇದ್ರು. ಫಾದರ್ ಟಾರ್ಚ್ ಹಿಡಿದು 29ನೇ ಕೀರ್ತನೆ ಓದಿದ್ರು. ಅದು ಇಡೀ ಒಂದು ಗುಡುಗು ಮಳೆಯ ಹಾಡು, ದೇವರ ಧ್ವನಿ ನೀರಿನ ಮೇಲೆ ಗುಡುಗ್ತದೆ, ಲೆಬನೋನಿನ ದೇವದಾರು ಮರಗಳನ್ನ ಮುರೀತದೆ, ಕಾಡನ್ನ ಬರಿದು ಮಾಡ್ತದೆ ಅಂತ ಹೋಗಿ ಕೊನೆಗೆ ದೇವರು ತನ್ನ ಜನರಿಗೆ ಶಾಂತಿ ಕೊಡ್ಲಿ ಅಂತ ಮುಗೀತದೆ. ವರ್ಷಗಟ್ಟಲೆ ಪೂಜೆಯಲ್ಲಿ ಕೇಳಿದ ಕೀರ್ತನೆ ಅದು, ಹೊರಗೆ ಹಲಸಿನ ಕೊಂಬೆ ಮುರಿದು ಬೀಳುವ ಸದ್ದಿನ ಜೊತೆ ಕೇಳಿದ್ದು ಅವತ್ತೇ. ಒಲೆಯ ಬಿಸಿಗೆ ಮಕ್ಕಳು ಅಲ್ಲೇ ನಿದ್ದೆ ಹೋದ್ರು.

ಶುಕ್ರವಾರ

ಮಳೆ ಬಿದ್ದ ಮಾರನೇ ಬೆಳಿಗ್ಗೆ ಪದವಿನ ವಾಸನೆಯೇ ಬೇರೆ. ಅರ್ಧ ಗಂಟೆ ಕೂರುವ ಕೆಲಸಕ್ಕೆ ಎಲ್ಲರಿಗಿಂತ ಕಷ್ಟಪಟ್ಟದ್ದು ಚಪ್ಪಲಿ ಕಿತ್ತ ಹುಡುಗನೇ, ಏಳನೇ ಕ್ಲಾಸು, ಕೂತಲ್ಲಿ ಕೂರುವವ ಅಲ್ಲ. ಅವ ಆರಿಸಿದ್ದು ಗೇರುಮರದ ಬುಡ. ಸ್ವಲ್ಪ ಹೊತ್ತಿಗೆ ಕೈ ಬೀಸಿ ನನ್ನನ್ನ ಕರೆದ, ಮಾತಾಡಬಾರ್ದಲ್ಲ, ಬರೀ ಬೆರಳು ತೋರಿಸಿದ. ಗಾಳಿಗೆ ಹರಿದ ಕೆಂಪಿರುವೆ ಗೂಡನ್ನ ಇರುವೆಗಳು ರಿಪೇರಿ ಮಾಡ್ತಾ ಇದ್ವು. ಒಂದು ಸಾಲು ಇರುವೆ ಈ ಎಲೆಯ ಅಂಚು ಕಾಲಲ್ಲಿ ಹಿಡಿದು ಆ ಎಲೆಯ ಅಂಚನ್ನ ಬಾಯಲ್ಲಿ ಕಚ್ಚಿ ಎಳೀತಾ ಇದೆ. ದೂರ ಜಾಸ್ತಿ ಆದಲ್ಲಿ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ. ಎಲೆ ಎರಡೂ ಕೂಡಿದ ಮೇಲೆ ಬೇರೆ ಇರುವೆಗಳು ಬಾಯಲ್ಲಿ ಬಿಳೀ ಮರಿ ಹಿಡ್ಕೊಂಡು ಬಂದ್ವು, ಮರಿಯ ಬಾಯನ್ನ ಈ ಅಂಚಿಗೆ ಒಮ್ಮೆ ಆ ಅಂಚಿಗೆ ಒಮ್ಮೆ ಮುಟ್ಟಿಸ್ತಾ ಹೋದ್ವು. ಮರಿಯಿಂದ ಬರುವ ರೇಷ್ಮೆ ನೂಲಲ್ಲಿ ಹೊಲಿಗೆ. ಬಿಸಿಲು ಓರೆಯಾಗಿ ಬಿದ್ದಾಗ ನೂಲು ಹೊಳೆಯುವುದು ಕಾಣ್ತಿತ್ತು. ಅವನ ಅರ್ಧ ಗಂಟೆ ಒಂದು ಗಂಟೆ ಆಯ್ತು, ಗಂಜಿಗೆ ಕರೆದ್ರೂ ಬರಲಿಲ್ಲ.

ಜ್ಞಾನೋಕ್ತಿ ಆರನೇ ಅಧ್ಯಾಯ ಫಾದರ್ ಆಮೇಲೆ ಓದಿಸಿದ್ರು, ಸೋಮಾರಿಯೇ ಇರುವೆಯ ಹತ್ತಿರ ಹೋಗು, ಅದಕ್ಕೆ ನಾಯಕನೂ ಇಲ್ಲ ಅಧಿಕಾರಿಯೂ ಇಲ್ಲ ಅಂತ ಬರ್ತದಲ್ಲ, ಅದು. "ಹೌದು ಫಾದರ್, ಯಾರೂ ಆರ್ಡರ್ ಕೊಡ್ಲಿಲ್ಲ, ನಾನು ನೋಡಿದೆ" ಅಂತ ಹುಡುಗ ಎದ್ದು ನಿಂತು ಸಾಕ್ಷಿ ಹೇಳಿದ. ಈ ವಾಕ್ಯ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಅದಕ್ಕೆ ಸಾಕ್ಷಿ ಹೇಳುವವರು ಅಲ್ಲಿ ತನಕ ಯಾರೂ ಸಿಕ್ಕಿರ್ಲಿಲ್ಲ.

ಕುಚ್ಚಲಕ್ಕಿ ಗಂಜಿ, ಹಲಸಿನ ಬೀಜದ ಪಲ್ಯ, ಕಾಟುಮಾವಿನ ಗೊಜ್ಜು ಆದ ಮೇಲೆ ಗುಡ್ಡ ಇಳಿದು ಸುರಂಗ ನೋಡ್ಲಿಕ್ಕೆ ಹೋದೆವು. ಸುರಂಗ ಅಂದ್ರೆ ಇಲ್ಲಿ ನೀರಿನ ಸುರಂಗ. ಬಾವಿಯನ್ನ ಕೆಳಗೆ ತೋಡುವ ಬದಲು ಗುಡ್ಡದೊಳಗೆ ಅಡ್ಡ ತೋಡೋದು, ಕೆಂಪುಕಲ್ಲಿನಲ್ಲಿ ಇಂಗಿದ ಮಳೆನೀರು ಜಿನುಗಿ ತಾನಾಗಿ ಹೊರಗೆ ಹರಿದು ಟಾಂಕಿಗೆ ಬೀಳ್ತದೆ, ಪಂಪು ಬೇಡ ಕರೆಂಟು ಬೇಡ. ಕಾಸರಗೋಡಿನ ಉತ್ತರದ ಗ್ರಾಮಗಳಲ್ಲಿ ಮತ್ತೆ ದಕ್ಷಿಣ ಕನ್ನಡದ ಅಂಚಲ್ಲಿ ಇಂಥದ್ದು ಸಾವಿರಗಟ್ಟಲೆ ಉಂಟು. ಆ ಮನೆಯ ಅಜ್ಜ ಹುಡುಗ ಪ್ರಾಯದಿಂದ ಸುರಂಗ ತೋಡಿದವರು, ಈಗ ಬೆನ್ನು ನೆಟ್ಟಗಾಗೋದಿಲ್ಲ.

"ಇದು ಎಷ್ಟು ಉದ್ದ ಅಜ್ಜಾ?"

"ನಲ್ವತ್ತು ಕೋಲು. ಒಬ್ಬ ಪಿಕ್ಕಾಸಲ್ಲಿ ಕಡೀಬೇಕು, ಒಬ್ಬ ಬುಟ್ಟಿಯಲ್ಲಿ ಮಣ್ಣು ಹೊರಬೇಕು. ಇಬ್ಬರಿಗಿಂತ ಜಾಸ್ತಿ ಜನಕ್ಕೆ ಒಳಗೆ ಜಾಗವೇ ಇಲ್ಲ."

ಕೋಲು ಅಂದ್ರೆ ಹೆಚ್ಚುಕಡಿಮೆ ಎರಡೂವರೆ ಅಡಿ. ಒಳಗೆ ಗಾಳಿ ಸಾಕಾಗದಿದ್ರೆ ಎಂತ ಮಾಡ್ತಿದ್ರಿ ಅಂತ ಒಬ್ಬಳು ಕೇಳಿದಳು. "ಕ್ಯಾಂಡಲ್ ಹಚ್ಚಿ ಇಡೋದು ಮಗಾ. ಬೆಂಕಿ ಸಣ್ಣ ಆಯ್ತೋ, ಕೆಲಸ ಬಿಟ್ಟು ಹೊರಗೆ ಬರೋದು. ನೀರು ಸಿಗ್ತದೆ ಅಂತ ಆಸೆಗೆ ಬಿದ್ದು ಒಳಗೆ ನಿಂತ್ರೆ ಜೀವ ಇಲ್ಲ" ಅಂದ್ರು ಅಜ್ಜ.

ಮೂವರು ಮೂವರಾಗಿ ಒಳಗೆ ಹೋದೆವು. ಭುಜ ಎರಡೂ ಕಡೆ ತಾಗ್ತದೆ, ಕಾಲಿಗೆ ತಣ್ಣಗಿನ ನೀರು ಪಾದ ಮುಳುಗುವಷ್ಟು, ಟಾರ್ಚ್ ಬೆಳಕಿಗೆ ಬಾವಲಿ ಒಂದು ತಲೆ ಮೇಲೇ ಹಾರಿ ಹೋಯ್ತು. ಗೋಡೆಯಲ್ಲಿ ಪಿಕ್ಕಾಸಿನ ಏಟು ಒಂದೊಂದೂ ಹಾಗೇ ಉಂಟು, ಬೆರಳಿಟ್ಟು ನೋಡಬಹುದು. ತುದಿಯಲ್ಲಿ ಮಣ್ಣಿನ ಬಿರುಕಿನಿಂದ ಹನಿ ಹನಿ ಬೀಳ್ತಾ ಇತ್ತು. ಹೋಗುವವರು ಮನೆಯವರನ್ನ ಕೇಳದೆ ಯಾವ ಸುರಂಗಕ್ಕೂ ನುಗ್ಗಬೇಡಿ, ಮಳೆಗಾಲದಲ್ಲಂತೂ ಮಣ್ಣು ಕುಸೀತದೆ.

ಹೊರಗೆ ಬಂದ ಮೇಲೆ ಟಾಂಕಿ ಕಟ್ಟೆಯಲ್ಲಿ ಕೂತು ಫಾದರ್ ಹಿಜ್ಕೀಯ ರಾಜನ ಕಥೆ ಹೇಳಿದ್ರು. ಸುಮಾರು 2700 ವರ್ಷ ಹಿಂದೆ ಅಸ್ಸೀರಿಯದ ಸೈನ್ಯ ಬರ್ತದೆ ಅಂತ ಜೆರುಸಲೇಮಿನ ಬಂಡೆಯೊಳಗೆ ಅರ್ಧ ಕಿಲೋಮೀಟರಿಗಿಂತ ಉದ್ದದ ಸುರಂಗ ಕಡಿದು ನೀರನ್ನ ಪಟ್ಟಣದೊಳಗೆ ತಂದದ್ದು, ಎರಡೂ ತುದಿಯಿಂದ ಕಡಿಯುತ್ತಾ ಬಂದವರು ಮಧ್ಯದಲ್ಲಿ ಒಬ್ಬರ ಧ್ವನಿ ಒಬ್ಬರಿಗೆ ಕೇಳಿಸಿ ಸೇರಿದ್ದು, ಅದನ್ನ ಅಲ್ಲೇ ಗೋಡೆಯಲ್ಲಿ ಕೆತ್ತಿಟ್ಟದ್ದು 1880ರಲ್ಲಿ ಸಿಕ್ಕಿದ್ದು. ಆ ನೀರು ಬಂದು ಸೇರುವುದು ಸಿಲೋವಾಂ ಕೊಳಕ್ಕೆ, ಯೇಸುಸ್ವಾಮಿ ಹುಟ್ಟುಕುರುಡನಿಗೆ ಹೋಗಿ ಕಣ್ಣು ತೊಳೆದುಕೋ ಅಂದದ್ದು ಅದೇ ಹೆಸರಿನ ಕೊಳ. ನಮ್ಮ ಜೊತೆ ಅಜ್ಜನೂ ಕೇಳ್ತಾ ಕೂತಿದ್ರು, ಅವರು ನಮ್ಮ ಧರ್ಮದವರಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಕಡೆಯಿಂದ ತೋಡಿದ್ರಾ? ನೀರಿನ ವಾಟ ಹೇಗೆ ಸರಿ ಮಾಡಿದ್ರು?" ಫಾದರ್ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ, ಕೆಲಸ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು.

ಸಂಜೆ ಗೇರುಬೀಜ ಸುಡುವಾಗ ಒಂದು ಅನಾಹುತ. ಹಸಿ ಬೀಜವನ್ನ ಒಬ್ಬ ಹಲ್ಲಲ್ಲಿ ಕಚ್ಚಿ ಒಡೀಲಿಕ್ಕೆ ನೋಡಿದ, ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟು ಊದಿಕೊಂಡಿತು. ಬಾಯಮ್ಮ ಕೂಡಲೇ ಸೋಪಲ್ಲಿ ತೊಳೆದು ತೆಂಗಿನೆಣ್ಣೆ ಹಚ್ಚಿದ್ರು, ಎರಡು ದಿನ ಅವನಿಗೆ ಗಂಜಿ ತಿಳಿಯೇ ಗತಿ. ಹಲಸಿನ ಹಣ್ಣು ಕೊಡ್ಲಿಕ್ಕೆ ಬಂದಿದ್ದ ಪಕ್ಕದ ಮನೆಯ ಅಕ್ಕ ಅದನ್ನ ನೋಡಿ ಅಲ್ಲೇ ಕೂತ್ರು. ಅವರ ತವರು ಎಣ್ಮಕಜೆ ಕಡೆ. ಆ ಹೆಸರು ಕೇಳಿದ್ರೆ ಈ ಜಿಲ್ಲೆಯವರಿಗೆ ಬೇರೆ ಹೇಳ್ಬೇಕಾಗಿಲ್ಲ. 1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಊರುಗಳಲ್ಲಿ ಅದೂ ಒಂದು, ಸುಪ್ರೀಂ ಕೋರ್ಟು ಅದನ್ನ ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ.

"ಬಾವಿ ಮುಚ್ಚಿ ಅಂತ ಹೇಳಿ ಹೋಗ್ತಿದ್ರು ಟೀಚರ್. ಬಾವಿ ಮುಚ್ಚಬಹುದು. ತೋಡು ಹೇಗೆ ಮುಚ್ಚೋದು? ಸುರಂಗದ ನೀರು ಬಂದು ಬೀಳುವ ಕೆರೆ ಹೇಗೆ ಮುಚ್ಚೋದು?" ಅಂದ್ರು ಅಕ್ಕ. ಮೊದಲು ಜೇನು ಸತ್ತದ್ದು, ಆಮೇಲೆ ಮೀನು ಕಪ್ಪೆ, ಮಕ್ಕಳ ವಿಷಯ ಗೊತ್ತಾಗುವಾಗ ತಡ ಆಗಿತ್ತು ಅಂತ ಹೇಳಿ, ನಮ್ಮ ಮಕ್ಕಳ ಕಡೆ ನೋಡಿ ಮಾತು ಅಲ್ಲಿಗೇ ಬಿಟ್ಟು ಹಣ್ಣು ಬಿಡಿಸ್ಲಿಕ್ಕೆ ಶುರು ಮಾಡಿದ್ರು.

ಆ ರಾತ್ರಿ ಪ್ರಾರ್ಥನೆಯಲ್ಲಿ ಹಾಡು ಕಡಿಮೆ ಇತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ ವಿಶ್ವಪತ್ರದಲ್ಲಿ ಭೂಮಿಯನ್ನ ಸಹೋದರಿ ಅಂತ ಕರೆದು, ನಾವು ಮಾಡಿದ ಗಾಯದಿಂದ ಅವಳು ಕೂಗಿ ಅಳ್ತಿದ್ದಾಳೆ ಅಂತ ಹೇಳಿದ ಭಾಗವನ್ನ ಸಿಸ್ಟರ್ ಓದಿದ್ರು. ನಾನು ಅದನ್ನ ಮುಂಚೆ ಓದಿದವಳೇ, ಅಂದವಾದ ಮಾತು ಅಂತ ಗೆರೆ ಎಳೆದು ಇಟ್ಟಿದ್ದೆ. ಅಕ್ಕ ಮಾತಾಡಿ ಹೋದ ಮೇಲೆ ಅದು ಅಂದದ ಮಾತಾಗಿ ಉಳಿಯಲಿಲ್ಲ.

ಶನಿವಾರ

ಕತ್ತಲೆ ಇರುವಾಗಲೇ ಜೀಪು ರಾಣಿಪುರಂ ಬೆಟ್ಟಕ್ಕೆ ಹೊರಟಿತು. ಮುಳ್ಳೇರಿಯ, ಬಂದಡ್ಕ, ಪಾಣತ್ತೂರು ದಿಕ್ಕಿಗೆ ಮಲೆನಾಡ ಹೆದ್ದಾರಿ ಈಗ ಒಳ್ಳೇದಾಗಿದೆ, ಆದ್ರೆ ತಿರುವುಗಳಿಗೆ ಮಕ್ಕಳು ಒಬ್ಬೊಬ್ಬರೇ ವಾಂತಿ. ಲಿಂಬೆಹುಳಿ ತೊಗೊಂಡು ಹೋಗಿ. ಕೆಳಗೆ ಒಂದು ಸಣ್ಣ ಹೋಟೆಲಲ್ಲಿ ಪುಟ್ಟು ಕಡಲೆ, ಕಟ್ಟನ್ ಚಾ. ಹೋಟೆಲಿನ ಚೇಟ (ಮಲಯಾಳದಲ್ಲಿ ಅಣ್ಣ) ಕ್ರೈಸ್ತರೇ, ಅವರ ಅಜ್ಜ ತಿರುವಾಂಕೂರಿಂದ ಬಂದವರಂತೆ. 1943ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದವರು ರಾಜಪುರಂನಲ್ಲಿ ಬಂದು ನೆಲೆಸಿದ್ದು, ಆಮೇಲೆ 1970ರಲ್ಲಿ ಮಡತ್ತುಮಲೆ ಅಂತ ಇದ್ದ ಈ ಜಾಗ ತೊಗೊಂಡು ರಾಣಿ ಮರಿಯಮ್ಮನ ನೆನಪಿಗೆ ರಾಣಿಪುರಂ ಅಂತ ಹೆಸರಿಟ್ಟದ್ದು ಎಲ್ಲ ಅವರು ಮಲಯಾಳದಲ್ಲಿ ಹೇಳಿದ್ರು, ನಮ್ಮ ಮಕ್ಕಳೇ ನಮಗೆ ಕನ್ನಡ ಮಾಡಿ ಹೇಳಿದ್ರು. "ಅಜ್ಜ ಮಲೇರಿಯಕ್ಕೆ ಹೋದ್ರು, ಕಪ್ಪ, ಅಂದ್ರೆ ಮರಗೆಣಸು, ನೆಟ್ಟು ನಾವು ಬದುಕಿದ್ದು. ಆಗ ಕಾಡು ಅಂದ್ರೆ ನಮಗೆ ಶತ್ರು. ಈಗ ಕಾಡು ನೋಡ್ಲಿಕ್ಕೆ ಬರುವವರಿಗೆ ಚಾ ಕೊಟ್ಟು ಮಕ್ಕಳನ್ನ ಓದಿಸ್ತಾ ಇದ್ದೇನೆ" ಅಂದ್ರು ಚೇಟ.

ಮೇಲೆ ಅರಣ್ಯ ಇಲಾಖೆಯವರ ಟಿಕೆಟು ಉಂಟು, ಪ್ಲಾಸ್ಟಿಕ್ ನೋಡ್ತಾರೆ, ಆನೆ ಬಂದಿದ್ರೆ ಬಿಡೋದಿಲ್ಲ, ಹಾಗಾಗಿ ವಿಚಾರಿಸಿಯೇ ಹೊರಡಿ. ಮೊದಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ಎಲ್ಲೋ ತೋಡಿನ ಹತ್ರ ಶಿಳ್ಳೆ ಕೇಳಿತು, ಶಾಲೆ ಹುಡುಗನೊಬ್ಬ ರಾಗ ಮರೆತು ಮರೆತು ಶಿಳ್ಳೆ ಹಾಕ್ತಾ ಹೋಗುವ ಹಾಗೆ. ನಮ್ಮದರಲ್ಲೇ ಯಾರೋ ತಂಟೆ ಮಾಡ್ತಿದ್ದಾರೆ ಅಂತ ನಾನು ತಿರುಗಿದೆ, ಸಿಸ್ಟರ್ ಕೈ ಹಿಡಿದು ನಿಲ್ಲಿಸಿದ್ರು. ಮಲಬಾರ್ ವಿಸ್ಲಿಂಗ್ ಥ್ರಷ್. ಕಪ್ಪು ನೀಲಿ ಹಕ್ಕಿ, ಹಣೆಯಲ್ಲಿ ಭುಜದಲ್ಲಿ ಮಾತ್ರ ಹೊಳೆಯುವ ನೀಲಿ. ಅಷ್ಟು ಮಕ್ಕಳು ಉಸಿರು ಹಿಡಿದು ನಿಂತ್ರು, ಯಾರೂ ಸುಮ್ಮನಿರಿ ಅಂತ ಹೇಳ್ಬೇಕಾಗ್ಲಿಲ್ಲ.

ಗುರುವಾರದ ಮಳೆಗೆ ಉಂಬಳ ಎದ್ದಿದ್ವು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡದ್ದು ಅರ್ಧ ದಾರಿಗೇ ಹೋಯ್ತು. ಒಬ್ಬಳ ಹಿಮ್ಮಡಿಯಿಂದ ರಕ್ತ ನಿಲ್ಲದೆ ಹರೀತಾ ಇತ್ತು, ಅವಳು ಸಿಟ್ಟಲ್ಲಿ ಕೇಳಿದಳು, "ದೇವರು ಮಾಡಿದ್ದೆಲ್ಲ ಒಳ್ಳೇದು ಅಂತ ಆದಿಕಾಂಡದಲ್ಲಿ ಉಂಟಲ್ಲ ಸಿಸ್ಟರ್, ಇದು ಎಂತಕ್ಕೆ ಒಳ್ಳೇದು?"

ಸಿಸ್ಟರ್ ಬೈಯಲಿಲ್ಲ, ನಗಲೂ ಇಲ್ಲ. ಗಾಯಕ್ಕೆ ಹತ್ತಿ ಒತ್ತಿ ಹಿಡಿದು ಯೋಬನ ಗ್ರಂಥದ ಕೊನೆ ಅಧ್ಯಾಯಗಳ ಬಗ್ಗೆ ಹೇಳಿದ್ರು. ಎಲ್ಲ ಕಳಕೊಂಡ ಯೋಬ ಯಾಕೆ ಅಂತ ಕೇಳಿದಾಗ ದೇವರು ಕಾರಣ ಕೊಡೋದಿಲ್ಲ, ಬೆಟ್ಟದ ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತಾ, ಕಾಡುಕತ್ತೆಯನ್ನ ಬಿಟ್ಟವರು ಯಾರು, ಮನುಷ್ಯರಿಲ್ಲದ ಬಯಲಿಗೆ ಮಳೆ ಸುರಿಸುವವರು ಯಾರು ಅಂತ ತಿರುಗಿ ಕೇಳ್ತಾ ಹೋಗ್ತಾರೆ. ಅವುಗಳಲ್ಲಿ ಒಂದೂ ಮನುಷ್ಯನ ಉಪಯೋಗಕ್ಕೆ ಅಂತ ಇಲ್ಲ. "ಒಳ್ಳೇದು ಅಂದ್ರೆ ನಮಗೆ ಒಳ್ಳೇದು ಅಂತಲೇ ಇರ್ಬೇಕಾ?" ಅಂತ ಸಿಸ್ಟರ್ ಕೇಳಿದ್ರು. ಹುಡುಗಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ, ಆದ್ರೆ ಮುಂದಿನ ಉಂಬಳವನ್ನ ಜಜ್ಜದೆ ಎಲೆಯಲ್ಲಿ ತೆಗೆದು ಬಿಸಾಡಿದಳು.

ಕಾಡು ಮುಗಿದು ಹುಲ್ಲುಗಾವಲು ಬಂದದ್ದೇ ಗಾಳಿ. ಆಚೆ ಕೊಡಗು, ತಲಕಾವೇರಿ ಅಭಯಾರಣ್ಯದ ಕಾಡು ಒಂದೇ ಹಸಿರಾಗಿ ಮುಂದುವರೀತದೆ, ರಾಜ್ಯ ಎಲ್ಲಿ ಬದಲಾಯ್ತು ಅಂತ ಗೊತ್ತಾಗೋದಿಲ್ಲ. ಅಲ್ಲಿ ಕೂತು ಬಾಳೆಎಲೆಯಲ್ಲಿ ಕಟ್ಟಿದ್ದ ಹಲಸಿನ ಹಣ್ಣಿನ ಗಟ್ಟಿ ತಿಂದು, 104ನೇ ಕೀರ್ತನೆಯನ್ನ ಸಾಲು ಸಾಲಾಗಿ ಮಕ್ಕಳೇ ಓದಿದ್ರು. ಬುಗ್ಗೆ, ಹಕ್ಕಿ, ಹುಲ್ಲು, ಬೆಟ್ಟ ಅಂತ ಒಂದೊಂದು ಬಂದಾಗಲೂ ಯಾರೋ ಒಬ್ಬರು ಕೈ ಎತ್ತಿ ತಾನು ನೋಡಿದ್ದು ಸೇರಿಸ್ತಿದ್ರು: ಸುರಂಗದ ಹನಿ, ಪದವಿನ ಹೊಂಡ, ಶಿಳ್ಳೆ ಹಕ್ಕಿ. ಏಳನೇ ಕ್ಲಾಸಿನವ ಇರುವೆಯ ಮರಿ ಅಂದ. ಉಂಬಳ ಅಂತ ಯಾರು ಹೇಳಿದ್ದು ಅಂತ ನಾನು ತಿರುಗಿ ನೋಡಿದ್ರೆ ಅದೇ ಹುಡುಗಿ. ನಂಗೆ ಕಣ್ಣು ತುಂಬಿತು.

ಆದಿತ್ಯವಾರ

ಕೊನೆಯ ಪೂಜೆ ಬೇಳದಲ್ಲಿ. 1890ರಲ್ಲಿ ಕಟ್ಟಿದ ವ್ಯಾಕುಲ ಮಾತೆಯ ದೇವಾಲಯ, ಗೋಥಿಕ್ ಶೈಲಿ, ತೆಂಗು ಅಡಿಕೆ ಮಧ್ಯೆ ಅಷ್ಟೆತ್ತರಕ್ಕೆ ನಿಂತದ್ದು ನೋಡ್ಲಿಕ್ಕೆ ದೂರದಿಂದ ಜನ ಬರ್ತಾರೆ. ಪೂಜೆಯ ಹೊತ್ತಿಗೆ ಸ್ವಲ್ಪ ಮುಂಚೆ ಹೋದ್ರೆ ಒಳಗೆ ಆರಾಮಾಗಿ ಕೂರಬಹುದು. ಕಾಣಿಕೆ ಮೆರವಣಿಗೆಯಲ್ಲಿ ಮಕ್ಕಳು ಗೇರುಹಣ್ಣು, ಹಲಸು, ಪುನರ್ಪುಳಿ ಮತ್ತೆ ಒಂದು ಬಾಟ್ಲಿ ಸುರಂಗದ ನೀರು ತಂದಿಟ್ರು. ಪೀಠದ ಬಟ್ಟೆಗೆ ಗೇರುಹಣ್ಣಿನ ರಸ ಬಿತ್ತು, ಆ ಕಲೆ ಜನ್ಮದಲ್ಲಿ ಹೋಗೋದಿಲ್ಲ, ದೇವಾಲಯದ ಬಟ್ಟೆ ನೋಡಿಕೊಳ್ಳುವ ಹೆಂಗಸು ಕಣ್ಣು ದೊಡ್ಡದು ಮಾಡಿದ್ರೂ ಎಂತದೂ ಹೇಳಲಿಲ್ಲ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮಕ್ಕಳು ಎಣ್ಮಕಜೆಯ ಹೆಸರು ಹೇಳಿ ಬೇಡಿಕೊಂಡ್ರು. ಅದನ್ನ ಯಾರೂ ಬರೆದು ಕೊಟ್ಟಿರ್ಲಿಲ್ಲ.

ಮಧ್ಯಾಹ್ನ ಅಪ್ಪ ಅಮ್ಮಂದಿರು ಬಂದ್ರು, ಬಾಯಮ್ಮನ ಬಂಗುಡೆ ಸಾರು ಊಟ ಮಾಡಿದ್ರು, ತುಟಿ ಸುಟ್ಟವನ ಅಮ್ಮನಿಗೆ ಫಾದರ್ ಎಲ್ಲ ವಿವರಿಸಿ ಹೇಳಿದ್ರು. ಹೊರಡುವಾಗ ಅಜ್ಜ ಗುಡ್ಡ ಹತ್ತಿ ಬಂದಿದ್ರು. ಸುರಂಗದ ಬಾಯಿಯಲ್ಲಿ ಮಣ್ಣು ಕುಸಿದು ತುಂಬಿದೆ, ಮಳೆಗಾಲ ಹಿಡಿಯುವ ಮೊದಲು ತೆಗೀಬೇಕು, ನನ್ನಿಂದ ಈಗ ಆಗೋದಿಲ್ಲ, ದೊಡ್ಡ ಹುಡುಗರನ್ನ ಒಂದು ದಿನ ಕಳಿಸ್ತೀರಾ ಅಂತ ಕೇಳ್ಲಿಕ್ಕೆ. ಮೇ ಕೊನೆಯ ಶನಿವಾರ ಅಂತ ಅಲ್ಲೇ ನಿಶ್ಚಯ ಆಯ್ತು. ಬುಟ್ಟಿ ಪಿಕ್ಕಾಸು ಅಜ್ಜನ ಮನೆಯಲ್ಲೇ ಉಂಟು. ಬರುವವರು ಹಳೇ ಬಟ್ಟೆ, ಗಟ್ಟಿ ಚಪ್ಪಲಿ, ಒಂದು ಟಾರ್ಚ್ ತನ್ನಿ, ಬೆಳಿಗ್ಗೆ ಏಳಕ್ಕೆ ಬದಿಯಡ್ಕ ಬಸ್‌ಸ್ಟ್ಯಾಂಡಲ್ಲಿ ಇರಿ, ಗಂಜಿ ಊಟ ಅಜ್ಜನ ಸೊಸೆ ಮಾಡ್ತೇನೆ ಅಂದಿದ್ದಾರೆ.